ಹೊರುವವರ ಅಳತೆ

ಬಿಜಲಿ ಎಂಬ ಹೆಣ್ಣುಕುದುರೆ ನನ್ನನ್ನು ಎರಡು ಸಲ ಕಚ್ಚಲು ಬಂದಿತ್ತು. ಎರಡು ಸಲವೂ ನಾನು ಅದರ ಹೊಟ್ಟೆಪಟ್ಟಿ ಬಿಗಿಯುತ್ತಿದ್ದೆ. ಮೂರನೆಯ ಸಲ ಅದು ಕತ್ತು ತಿರುಗಿಸುವ ಮೊದಲೇ ನಾನೇ ಒಂದೇಟು ಹಾಕಿದೆ. ಹಾಗೆ ಮಾಡಬೇಕೆಂದು ಅಲ್ಲಿ ಎಲ್ಲರೂ ಹೇಳಿಕೊಟ್ಟಿದ್ದರು. ‘ಅದು ಮೊಂಡು, ಸದರ ಕೊಡಬೇಡಿ’ ಎಂಬುದು ಅದರ ಹೆಸರಿನ ಜೊತೆಗೇ ಬರುತ್ತಿದ್ದ ಮಾತು.

ಆಗ ನಾನು ಪಿಎಚ್‌.ಡಿ.ಯ ಮೂರನೆಯ ವರ್ಷದಲ್ಲಿದ್ದೆ. ಫೆಲೋಶಿಪ್ಪಿನ ಹಣ ತಿಂಗಳುಗಟ್ಟಲೆ ಬಂದಿರಲಿಲ್ಲ. ಬೆಂಗಳೂರಿನ ಹೊರವಲಯದ ಒಂದು ಸವಾರಿ ಶಾಲೆಯಲ್ಲಿ ಶನಿವಾರ, ಭಾನುವಾರ ಲೆಕ್ಕ ಬರೆಯುವ ಕೆಲಸ ಹಿಡಿದಿದ್ದೆ. ಸಂಬಳ ಕಡಿಮೆ, ಬದಲಿಗೆ ಸವಾರಿಯ ಪಾಠ ಬಿಟ್ಟಿ. ನನ್ನ ಸಂಶೋಧನೆಯ ವಿಷಯ ‘ಒಪ್ಪಿಗೆ’. ಒಬ್ಬರು ಇನ್ನೊಬ್ಬರ ಮೇಲೆ ಭಾರ ಹೊರಿಸುವಾಗ ಯಾವುದನ್ನು ಒಪ್ಪಿಗೆ ಎಂದು ಕರೆಯಬಹುದು ಎಂಬ ಪ್ರಶ್ನೆ. ವಾರವಿಡೀ ಅದರ ಬಗ್ಗೆ ಓದಿ ಟಿಪ್ಪಣಿ ಮಾಡಿ, ವಾರದ ಕೊನೆಯಲ್ಲಿ ಬಾಯಿಲ್ಲದ ಪ್ರಾಣಿಯ ಕತ್ತಿಗೆ ಹೊಡೆಯುತ್ತಿದ್ದೆ. ಈ ಎರಡಕ್ಕೂ ಸಂಬಂಧವಿದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಅನ್ನಿಸುವಂತೆ ಮಾಡಿದವರು ಲಾಯದ ಹಿರಿಯ ಸೈಸ್. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಒಂದು ಸಂಜೆ ಬಿಜಲಿಯ ಮೈ ಉಜ್ಜುತ್ತಿದ್ದವರು ನನ್ನನ್ನು ಕರೆದು, ‘ಮೇಡಂ, ಇಲ್ಲಿ ಕೈ ಇಡಿ’ ಎಂದರು. ಕುದುರೆಯ ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಉಬ್ಬು ಇರುತ್ತದೆ. ಸವಾರರು ಅದನ್ನು ವಿದರ್ಸ್ ಎನ್ನುತ್ತಾರೆ, ನಾನು ಹೆಗಲುದಿಬ್ಬ ಎನ್ನುತ್ತೇನೆ. ಅದರ ಎರಡೂ ಬದಿಗೆ, ಕಂದು ಮೈಯಲ್ಲಿ, ಅಂಗೈಯಗಲದ ಜಾಗದಲ್ಲಿ ಬಿಳಿ ಕೂದಲು ಚುಕ್ಕೆಚುಕ್ಕೆಯಾಗಿ ಹುಟ್ಟಿದ್ದವು. ನಾನು ಅದನ್ನು ಹುಟ್ಟಿನಿಂದ ಬಂದ ಮಚ್ಚೆ ಎಂದುಕೊಂಡಿದ್ದೆ. ‘ಇದು ಬಣ್ಣ ಅಲ್ಲ ಮೇಡಂ, ಜೀನ್ ಒತ್ತಿದ್ದು’ ಎಂದರು ಚಾಚಾ. ಒಂದೇ ಜಾಗದ ಮೇಲೆ ಒತ್ತಡ ಬಿದ್ದೂ ಬಿದ್ದೂ ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಸತ್ತರೆ, ಆಮೇಲೆ ಅಲ್ಲಿ ಹುಟ್ಟುವ ಕೂದಲು ಬೆಳ್ಳಗಿರುತ್ತದೆ. ನಾನು ದಿನವೂ ನೋಡುತ್ತಿದ್ದುದು ಒಂದು ದೂರನ್ನು. ಅದರ ಮೇಲೆಯೇ ತಡಿ ಇಟ್ಟು ಹತ್ತಿ ಕೂರುತ್ತಿದ್ದೆ.

ಬಿಜಲಿ ರೇಸಿನಿಂದ ನಿವೃತ್ತಿಯಾಗಿ ಬಂದ ಕುದುರೆ. ಶಾಲೆಯಲ್ಲಿದ್ದ ತಡಿಗಳು ನಾಲ್ಕು, ಕುದುರೆಗಳು ಎಂಟು. ಯಾವುದು ಕೈಗೆ ಸಿಕ್ಕಿತೋ ಅದು ಆ ದಿನದ ತಡಿ. ಕಾನ್ಪುರದಲ್ಲಿ ತಯಾರಾದ, ಒಳ್ಳೆಯ ಚರ್ಮದ, ಗಟ್ಟಿ ಹೊಲಿಗೆಯ ತಡಿಗಳೇ ಅವು. ತಪ್ಪು ತಡಿಯದಲ್ಲ. ಒಂದು ಬೆನ್ನಿಗೆ ಸರಿಯಾದದ್ದು ಇನ್ನೊಂದು ಬೆನ್ನಿಗೂ ಸರಿ ಎಂದುಕೊಂಡ ನಮ್ಮದು. ತಡಿ ಬಿಗಿಯಾಯಿತೆಂದು ಕಂಡರೆ ಅದರ ಕೆಳಗೆ ಇನ್ನೊಂದು ಕಂಬಳಿ ಮಡಿಸಿ ಹಾಕುತ್ತಿದ್ದೆವು. ಬಳೆ ಬಿಗಿಯಾಯಿತೆಂದು ಒಳಗೆ ಬಟ್ಟೆ ತುರುಕಿದ ಹಾಗೆ ಅದು. ಮೆತ್ತಗೆ ಮಾಡುತ್ತಿದ್ದೇವೆ ಎಂಬ ಸಮಾಧಾನ ನಮಗೆ, ಇನ್ನಷ್ಟು ಬಿಗಿ ಅದಕ್ಕೆ.

ಚಾಚಾ ನನಗೆ ತಡಿ ನೋಡುವುದನ್ನು ಹೇಳಿಕೊಟ್ಟರು. ಅದರಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು ಅಷ್ಟೆ. ಕಂಬಳಿ ಹಾಕದೆ ತಡಿಯನ್ನು ಬರೀ ಬೆನ್ನಿನ ಮೇಲೆ ಸ್ವಲ್ಪ ಮುಂದಕ್ಕೇ ಇಟ್ಟು, ಕೂದಲು ಮಲಗುವ ದಿಕ್ಕಿಗೆ ಹಿಂದಕ್ಕೆ ಜಾರಿಸಬೇಕು. ಅದು ತಾನಾಗಿ ನಿಲ್ಲುವ ಜಾಗ ಒಂದಿರುತ್ತದೆ. ಅದು ಭುಜದ ಹಲಗೆಗಿಂತ ಹಿಂದೆ ಇರಬೇಕು. ಕುದುರೆಗೆ ನಮ್ಮ ಹಾಗೆ ಕಾಲರ್‌ಬೋನ್ ಇಲ್ಲ. ಮುಂಗಾಲುಗಳು ಮುಂಡಕ್ಕೆ ಕೂಡಿಕೊಂಡಿರುವುದು ಸ್ನಾಯುಗಳಿಂದಲೇ. ಕಾಲು ಮುಂದಕ್ಕೆ ಹೋದಂತೆ ಭುಜದ ಹಲಗೆಯ ಮೇಲ್ತುದಿ ಹಿಂದಕ್ಕೆ ಜಾರುತ್ತದೆ. ತಡಿ ಅಲ್ಲಿ ಅಡ್ಡ ಕೂತರೆ ಪ್ರತಿ ಹೆಜ್ಜೆಯೂ ಒಂದು ಗುದ್ದು. ಹಿಂದಕ್ಕೂ ಮಿತಿ ಉಂಟು. ಕುದುರೆಗೆ 18 ಜೊತೆ ಪಕ್ಕೆಲುಬು. ಕೊನೆಯ ಪಕ್ಕೆಲುಬಿನಿಂದಾಚೆ ಸೊಂಟದ ಭಾಗ, ಅಲ್ಲಿ ಭಾರ ಹೇರುವ ಹಾಗಿಲ್ಲ. ಹೆಗಲುದಿಬ್ಬಕ್ಕೂ ತಡಿಯ ಕಮಾನಿಗೂ ನಡುವೆ, ಸವಾರ ಕೂತ ಮೇಲೂ, ಎರಡು ಮೂರು ಬೆರಳು ಆಡುವಷ್ಟು ಜಾಗ ಇರಬೇಕು. ಬೆನ್ನೆಲುಬಿನ ಮೇಲೆ ಏನೂ ತಾಗಕೂಡದು. ಎಡಬಲದ ಮೆತ್ತೆಗಳ ನಡುವೆ ಮುಂದಿನಿಂದ ಹಿಂದಿನವರೆಗೆ ಒಂದು ಕಾಲುವೆ ಬಿಟ್ಟಿರುವುದು ಅದಕ್ಕೇ. ಕೊನೆಗೆ ಅಂಗೈಯನ್ನು ಮೆತ್ತೆಯ ಕೆಳಗೆ ತೂರಿಸಿ ಉದ್ದಕ್ಕೂ ಸರಿಸಬೇಕು. ಎಲ್ಲ ಕಡೆ ಒಂದೇ ಸಮ ತಾಗಿದರೆ ಸರಿ. ಮುಂದೆ ಹಿಂದೆ ಒತ್ತಿ ನಡುವೆ ಸಡಿಲವಾದರೆ ತಡಿ ಬೆನ್ನಿನ ಮೇಲೆ ಸೇತುವೆಯ ಹಾಗೆ ನಿಂತಿದೆ, ಭಾರವೆಲ್ಲ ಎರಡು ತುದಿಗಳಿಗೆ ಬೀಳುತ್ತಿದೆ ಎಂದರ್ಥ.

ಸವಾರಿ ಮುಗಿದ ಮೇಲೆ ಬೆವರನ್ನೂ ನೋಡಬೇಕು. ಎಲ್ಲ ಒದ್ದೆಯಾಗಿದ್ದು ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚಾಗಿ ಬೆವರುಗ್ರಂಥಿಗಳು ಕೆಲಸ ನಿಲ್ಲಿಸಿರಬಹುದು. ಆದರೆ ಅಲ್ಲಿ ತಡಿ ತಾಗದೇ ಗಾಳಿಯಾಡಿ ಒಣಗಿರಲೂಬಹುದು. ಒಂದೇ ಗುರುತಿಗೆ ಎರಡು ವಿರುದ್ಧ ಅರ್ಥ. ಯಾವುದೆಂದು ಹೇಳಲು ಕಣ್ಣಿಗೆ ಆಗದು, ಕೈಯಿಟ್ಟೇ ನೋಡಬೇಕು.

ಆ ವಾರ ಪ್ಲೇಟೋನ ‘ರಿಪಬ್ಲಿಕ್’ನ ಹತ್ತನೆಯ ಭಾಗ ಓದುತ್ತಿದ್ದೆ. ಕಲೆ ಸತ್ಯದಿಂದ ದೂರ ಎಂದು ವಾದಿಸುವ ಪ್ರಸಿದ್ಧ ಭಾಗ ಅದು, ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಅಲ್ಲಿ ಸಾಕ್ರಟೀಸ್ ಕೊಡುವ ಉದಾಹರಣೆ ಲಗಾಮು ಮತ್ತು ಕಡಿವಾಣದ್ದು. ಆಗಿನ ಗ್ರೀಕರು ಈಗಿನಂಥ ತಡಿ ಬಳಸುತ್ತಿರಲಿಲ್ಲ, ಬರೀ ಬೆನ್ನಿನ ಮೇಲೋ ಬಟ್ಟೆ ಹಾಸಿಯೋ ಕೂರುತ್ತಿದ್ದರು. ಅವನ ವಾದ ಇದು: ಚಿತ್ರಕಾರ ಲಗಾಮಿನ ಚಿತ್ರ ಬರೆಯುತ್ತಾನೆ, ಅದು ಹೇಗಿರಬೇಕೆಂದು ಅವನಿಗೆ ತಿಳಿಯದು. ಮಾಡುವ ಚಮ್ಮಾರನಿಗೂ ಕಮ್ಮಾರನಿಗೂ ನಿಜವಾಗಿ ತಿಳಿಯದು. ತಿಳಿದಿರುವುದು ಬಳಸುವವನಿಗೆ, ಅಂದರೆ ಸವಾರನಿಗೆ. ಹಾಗಾಗಿ ಮಾಡುವವನು ಬಳಸುವವನ ಮಾತು ಕೇಳಬೇಕು.

ಈ ಭಾಗವನ್ನು ಹಿಂದೆ ಮೂರು ನಾಲ್ಕು ಸಲ ಓದಿದ್ದೆ, ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ಈ ಸಲ ಅಲ್ಲೇ ಸಿಕ್ಕಿಕೊಂಡೆ. ಚಿತ್ರಕಾರ, ಕುಶಲಕರ್ಮಿ, ಸವಾರ, ಮೂವರಾಯಿತು. ಕಡಿವಾಣ ಇರುವುದು ಯಾರ ಬಾಯಲ್ಲಿ? ಬಳಸುವವನ ಕೈಗೆ ಅದು ಹೇಗೆ ತಾಗುತ್ತದೆ ಎಂಬುದು ಬಳಸುವವನಿಗೆ ಗೊತ್ತು, ನಿಜ. ಇನ್ನೊಂದು ತುದಿಯಲ್ಲಿ ನಾಲಿಗೆಗೂ ವಸಡಿಗೂ ಹೇಗೆ ತಾಗುತ್ತದೆ ಎಂಬುದು ಗೊತ್ತಿರುವ ನಾಲ್ಕನೆಯ ಜೀವವೊಂದು ಅಲ್ಲೇ ನಿಂತಿದೆ. ಜ್ಞಾನವನ್ನು ಹಂಚುವಾಗ ಅದಕ್ಕೆ ಪಾಲು ಸಿಗಲಿಲ್ಲ. ಅದೇ ಕಾಲದ ಕ್ಸೆನೊಫನ್ ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಕುದುರೆಯನ್ನು ಸಿಟ್ಟಿನಿಂದ ನಡೆಸಿಕೊಳ್ಳಬಾರದೆಂದು ಬುದ್ಧಿ ಹೇಳಿದವನು ಅವನು. ಅವನು ಕೂಡ ಕುದುರೆ ಕೊಳ್ಳುವಾಗ ಬೆನ್ನೆಲುಬಿನ ಎರಡೂ ಬದಿಗೆ ಮಾಂಸ ತುಂಬಿದ ಬೆನ್ನನ್ನು ಮೆಚ್ಚುತ್ತಾನೆ. ಕಾರಣ, ಕೂರಲು ಹಿತ, ನೋಡಲು ಚೆಂದ. ಒಳ್ಳೆಯ ಬೆನ್ನೆಂದರೆ ಕೂರುವವನಿಗೆ ಒಳ್ಳೆಯದು ಎಂದೇ ಅರ್ಥ.

ನಮ್ಮ ಮಾತಿನಲ್ಲೂ ಹೀಗೇ ಇದೆ. ‘ಹೊಂದಿಕೆ’ ಎಂಬುದು ಒಳ್ಳೆಯ ಪದ, ಎರಡೂ ಕಡೆಯಿಂದ ಆಗಬೇಕಾದದ್ದು. ಆದರೆ ‘ಹೊಂದಿಕೊಂಡು ಹೋಗು’ ಎಂದು ನಾವು ಯಾರಿಗೆ ಹೇಳುತ್ತೇವೆ? ಹೊಸದಾಗಿ ಬಂದ ಸೊಸೆಗೆ, ಹಾಸ್ಟೆಲಿಗೆ ಸೇರಿದ ಹುಡುಗನಿಗೆ, ಕೆಲಸಕ್ಕೆ ಬಂದ ಹೊಸಬರಿಗೆ. ಯಾವತ್ತೂ ಕೆಳಗಿರುವವರಿಗೆ. ಅತ್ತೆಗೆ, ವಾರ್ಡನ್ನಿಗೆ, ಯಜಮಾನನಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ತಡಿಯ ವಿಷಯದಲ್ಲಿ ಈ ಮಾತು ನಡೆಯುವುದಿಲ್ಲ. ಬೆನ್ನನ್ನು ತಡಿಗೆ ಹೊಂದಿಸಲು ಹೋದರೆ ಬೆನ್ನು ಹೊಂದಿಕೊಳ್ಳುತ್ತದೆ, ಮಾಂಸ ಕರಗಿಸಿಕೊಂಡು ಗುಳಿ ಬಿದ್ದು. ಬಿಜಲಿಯ ಭುಜದ ಹಿಂದೆ ಅಂಥ ಎರಡು ಗುಳಿಗಳಿದ್ದವು. ತಡಿ ಅಲ್ಲಿ ಸರಿಯಾಗಿ ಕೂರುತ್ತಿತ್ತು, ಏಕೆಂದರೆ ಜಾಗ ಮಾಡಿಕೊಂಡದ್ದು ಬೆನ್ನು.

ಇದೆಲ್ಲ ತಿಳಿದ ಮೇಲೆ ನನಗೆ ಪಾಪಪ್ರಜ್ಞೆ ಬಂತು. ಪಾಪಪ್ರಜ್ಞೆಗೆ ಅವಸರ ಜಾಸ್ತಿ. ಆ ಅವಸರದಲ್ಲಿ ಕಣ್ಣಿಗೆ ಬಿದ್ದದ್ದು ಟ್ರೀಲೆಸ್ ತಡಿ.

ಮಾಮೂಲಿ ತಡಿಯ ಒಳಗೆ ಒಂದು ಗಟ್ಟಿ ಚೌಕಟ್ಟು ಇರುತ್ತದೆ. ಹಿಂದೆ ಮರದಿಂದ ಮಾಡುತ್ತಿದ್ದರು, ಈಗ ಫೈಬರ್‌ಗ್ಲಾಸಿನದು, ಪ್ಲಾಸ್ಟಿಕ್ಕಿನದು ಕೂಡ ಇದೆ. ಏನೇ ಇರಲಿ ಹೆಸರು ಮಾತ್ರ ‘ಟ್ರೀ’, ಮರ. ಟ್ರೀಲೆಸ್ ತಡಿಯಲ್ಲಿ ಅದಿಲ್ಲ. ಚರ್ಮ, ಬಟ್ಟೆ, ಫೋಮ್ ಇವುಗಳಿಂದ ಮಾಡಿದ್ದು, ಕೈಯಲ್ಲಿ ಹಿಡಿದರೆ ಹಾಸಿಗೆಯ ಹಾಗೆ ಬಾಗುತ್ತದೆ. ಯಾವ ಬೆನ್ನಿಗಾದರೂ ಬಾಗುತ್ತದೆ, ಭುಜವನ್ನು ಕಟ್ಟಿಹಾಕುವುದಿಲ್ಲ, ಕುದುರೆಗೂ ಸವಾರನಿಗೂ ನಡುವೆ ಗೋಡೆ ಇಲ್ಲ. ನೋವು ಕೊಟ್ಟದ್ದು ಗಟ್ಟಿ ಚೌಕಟ್ಟು ತಾನೆ, ಅದನ್ನೇ ತೆಗೆದುಬಿಟ್ಟರೆ? ಸವಾರಿ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳ ಮನೆಯವರ ಹತ್ತಿರ ಒಂದು ಇತ್ತು. ಎರವಲು ಪಡೆದು ಬಿಜಲಿಗೆ ಹಾಕಿದೆ. ಮೊದಲ ದಿನ ಅದು ಉದ್ದುದ್ದ ಹೆಜ್ಜೆ ಹಾಕಿತು. ನನಗೆ ಕಣ್ಣು ತುಂಬಿ ಬಂತು. ಕ್ಷಮೆ ಸಿಕ್ಕಿತು ಎಂದುಕೊಂಡೆ.

ಮೂರನೆಯ ವಾರ ಚಾಚಾ ಮತ್ತೆ ಕರೆದರು. ಈ ಸಲ ಹೆಗಲುದಿಬ್ಬದ ಹತ್ತಿರ ಅಲ್ಲ, ನಡುಬೆನ್ನಿನಲ್ಲಿ, ನಾನು ಕೂರುವ ಜಾಗದ ಕೆಳಗೆ. ಬೆರಳಿಂದ ಮೆಲ್ಲಗೆ ಒತ್ತಿದರೂ ಬಿಜಲಿ ಬೆನ್ನು ತಗ್ಗಿಸುತ್ತಿತ್ತು.

ಕಾರಣ ಕಷ್ಟದ್ದೇನಲ್ಲ. ಸಂತೆಯಿಂದ ಭಾರದ ಕೈಚೀಲ ತರುವಾಗ ಹುರಿ ಬೆರಳನ್ನು ಕೊಯ್ಯುತ್ತದೆ. ಅದೇ ಹುರಿಯ ಕೆಳಗೆ ಒಂದು ತುಂಡು ಕೋಲು ಇಟ್ಟು ಹಿಡಿದರೆ ಅದೇ ಭಾರವನ್ನು ಮನೆವರೆಗೆ ತರಬಹುದು. ಕೋಲು ಗಟ್ಟಿಯಾಗಿರುವುದರಿಂದಲೇ ಭಾರ ಹರಡುತ್ತದೆ. ತಡಿಯೊಳಗಿನ ಮರ ಆ ಕೋಲು. ಬೆನ್ನೆಲುಬನ್ನು ಬಿಟ್ಟು, ಅದರ ಎರಡೂ ಬದಿಯ ಸ್ನಾಯುಗಳ ಮೇಲೆ ಉದ್ದಕ್ಕೆ ಭಾರ ಹಂಚುವುದು ಅದರ ಕೆಲಸ. ಮರ ತೆಗೆದರೆ ಭಾರ ಹೋಗುವುದಿಲ್ಲ. ಸವಾರ ಕೂತ ಜಾಗದ ಕೆಳಗೆ, ರಿಕಾಪಿನ ಪಟ್ಟಿ ಕಟ್ಟಿದ ಜಾಗದ ಕೆಳಗೆ ಒಟ್ಟಾಗುತ್ತದೆ. 2012ರಲ್ಲಿ ಅಮೆರಿಕದ ಹಿಲರಿ ಕ್ಲೇಟನ್ ಮತ್ತು ಸಂಗಡಿಗರು ಒತ್ತಡ ಅಳೆಯುವ ಹಾಸನ್ನು ತಡಿಯ ಕೆಳಗೆ ಇಟ್ಟು ಎರಡೂ ಬಗೆಯನ್ನು ಹೋಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ. ಮರವಿದ್ದ ತಡಿ ಭಾರವನ್ನು ಹೆಚ್ಚು ಜಾಗಕ್ಕೆ ಹರಡಿತ್ತು, ಮರವಿಲ್ಲದ್ದರಲ್ಲಿ ಒತ್ತಡ ಅಲ್ಲಲ್ಲಿ ಗುಡ್ಡೆಯಾಗಿತ್ತು.

ಇದರಿಂದ ಟ್ರೀಲೆಸ್ ತಡಿ ಕೆಟ್ಟದ್ದು ಎಂದಾಗುವುದಿಲ್ಲ. ಅವುಗಳಲ್ಲೂ ಬಗೆಗಳಿವೆ. ನಡುವೆ ಕಾಲುವೆ ಬಿಟ್ಟ ದಪ್ಪ ಮೆತ್ತೆಯನ್ನು ಕೆಳಗೆ ಹಾಕಿ, ಹಗುರ ಸವಾರರು ಸ್ವಲ್ಪ ಹೊತ್ತು ಕೂತರೆ ಸುಖವಾಗಿರುವ ಕುದುರೆಗಳಿವೆ. ಮೈಕಟ್ಟು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುವ ಕುದುರೆಗೆ, ಯಾವ ಸಿದ್ಧ ಚೌಕಟ್ಟೂ ಕೂರದಷ್ಟು ಅಗಲ ಬೆನ್ನಿನ ಕುದುರೆಗೆ ಅದೇ ವಾಸಿಯಾಗಬಹುದು. ಬಿಜಲಿಯದು ಎತ್ತರದ ಹೆಗಲುದಿಬ್ಬ, ಮಾಂಸವಿಲ್ಲದ ಬೆನ್ನು. ಅದಕ್ಕೆ ಬೇಕಾಗಿದ್ದುದು ಸರಿಯಾದ ಮರ. ಅದನ್ನು ನಾನು ಕೇಳಲಿಲ್ಲ. ನನಗೆ ಬೇಕಾಗಿದ್ದುದು ನನ್ನ ಕರುಣೆಯ ಆಕಾರದ ಒಂದು ವಸ್ತು. ಮೆತ್ತಗಿರುವುದು ದಯೆ, ಗಟ್ಟಿಯಿರುವುದು ಕ್ರೌರ್ಯ ಎಂದು ಪದಗಳನ್ನು ನಂಬಿದ್ದೆ. ಮೊದಲ ತಪ್ಪಿನಲ್ಲಿ ನಾನು ಬಿಜಲಿಯನ್ನು ನೋಡಿರಲಿಲ್ಲ. ಎರಡನೆಯದರಲ್ಲೂ ನೋಡಲಿಲ್ಲ, ನನ್ನನ್ನೇ ನೋಡಿಕೊಂಡೆ.

ಐರಿಸ್ ಮರ್ಡಾಕ್ 1970ರ ‘ದಿ ಸಾವರಿನ್‌ಟಿ ಆಫ್ ಗುಡ್’ ಪುಸ್ತಕದಲ್ಲಿ ಒಬ್ಬ ಅತ್ತೆಯ ಉದಾಹರಣೆ ಕೊಡುತ್ತಾಳೆ. ಸೊಸೆ ಒರಟು, ಮಗನಿಗೆ ತಕ್ಕವಳಲ್ಲ ಎಂಬುದು ಅತ್ತೆಯ ಎಣಿಕೆ. ಹೊರಗೆ ಮಾತ್ರ ಚೆನ್ನಾಗಿಯೇ ನಡೆದುಕೊಳ್ಳುತ್ತಾಳೆ. ಕಾಲ ಕಳೆದಂತೆ, ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿರಬಹುದು, ಮತ್ತೊಮ್ಮೆ ನೋಡೋಣ ಎಂದುಕೊಳ್ಳುತ್ತಾಳೆ. ಒರಟು ಎಂದದ್ದು ಸರಳತೆಯಾಗಿ ಕಾಣುತ್ತದೆ. ಹೊರಗೆ ಏನೂ ಬದಲಾಗದೆ ಒಳಗೊಂದು ನೈತಿಕ ಕೆಲಸ ನಡೆಯಿತು ಎನ್ನುತ್ತಾಳೆ ಮರ್ಡಾಕ್. ಈ ಉದಾಹರಣೆ ನನಗೆ ಬಹಳ ಇಷ್ಟ. ಮೊಂಡು ಎಂದು ಕರೆದಿದ್ದ ಕುದುರೆಯನ್ನು ನೊಂದ ಕುದುರೆಯೆಂದು ನೋಡಲು ಅದು ನನಗೆ ದಾರಿಯಾಯಿತು. ಆದರೆ ಆ ಕತೆಯಲ್ಲಿ ಸೊಸೆ ದೂರ ದೇಶಕ್ಕೆ ಹೋಗಿರಬಹುದು, ತೀರಿಯೇ ಹೋಗಿರಬಹುದು. ಬದಲಾವಣೆ ಮನಸ್ಸಿನ ಒಳಗಿನದೇ ಎಂದು ತೋರಿಸಲು ಮರ್ಡಾಕ್ ಹಾಗೆ ಕಲ್ಪಿಸುತ್ತಾಳೆ. ಹಾಗಾಗಿ ಅತ್ತೆಯ ಹೊಸ ನೋಟ ಸರಿಯೋ ತಪ್ಪೋ ಎಂದು ಸೊಸೆಯನ್ನು ಕೇಳುವ ಹಾಗಿಲ್ಲ. ನನ್ನ ಬಿಜಲಿ ಎದುರಿಗೇ ಇತ್ತು. ಪ್ರೀತಿಯಿಂದ ನೋಡಿದರೂ ತಪ್ಪಾಗಿ ನೋಡಬಹುದು. ತಪ್ಪೋ ಸರಿಯೋ ಎಂದು ಹೇಳುವ ಹಕ್ಕು ನೋಡಿಸಿಕೊಂಡವರ ಬಳಿ ಇರುತ್ತದೆ.

ಅದಕ್ಕೆ ಮಾತು ಬರುವುದಿಲ್ಲವಲ್ಲ ಎನ್ನಬಹುದು. 2018ರಲ್ಲಿ ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ಸವಾರಿ ಹೊತ್ತ ಕುದುರೆ ನೋವನ್ನು ತೋರಿಸುವ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಿವಿ ಹಿಂದಕ್ಕೆ ಮಡಿಸುವುದು, ಬಾಲ ಬೀಸುವುದು, ಬಾಯಿ ತೆರೆಯುವುದು, ತಲೆ ಕೊಡವುವುದು, ಹೀಗೆ. ಅದರಲ್ಲಿ 8 ಅಥವಾ ಹೆಚ್ಚು ಕಂಡರೆ ಮೂಳೆ, ಸ್ನಾಯುಗಳಲ್ಲಿ ನೋವು ಇರುವ ಸಂಭವ ಹೆಚ್ಚು. ಪಟ್ಟಿ ಓದುತ್ತಾ ನಾನು ಬೆವೆತೆ. ಬಹುಪಾಲು ಬಿಜಲಿಯ ‘ದುರಭ್ಯಾಸ’ಗಳೇ. ಅದು ಇಡೀ ವರ್ಷ ಮಾತಾಡಿತ್ತು. ನಾವು ಅದನ್ನು ಸ್ವಭಾವ ಎಂದು ಕರೆದು ಮುಗಿಸಿದ್ದೆವು. ಕೆಳಗಿರುವವರ ದೂರನ್ನು ಕೇಳದಿರುವ ಅತಿ ಸುಲಭದ ಉಪಾಯ ಇದು, ದೂರನ್ನು ಅವರ ಗುಣವಾಗಿ ಬದಲಿಸಿಬಿಡುವುದು.

ಇಷ್ಟಾದ ಮೇಲೆ ಗೆಳತಿಯೊಬ್ಬಳು ಕೇಳಿದಳು: ‘ಒಳ್ಳೆಯ ತಡಿ ಹುಡುಕುವುದು ಒಳ್ಳೆಯ ಬೇಡಿ ಹುಡುಕಿದ ಹಾಗಲ್ಲವಾ? ಹತ್ತಲೇಬೇಡ.’ ಈ ಮಾತನ್ನು ತಳ್ಳಿಹಾಕಲು ನನಗೆ ಇಂದಿಗೂ ಆಗಿಲ್ಲ. ನೆನಪಾಗುವುದು ತಿಪಟೂರು ಕಡೆಯ ನಮ್ಮ ತಾತ. ಸಂಜೆ ನೊಗ ಇಳಿಸಿದ ಕೂಡಲೇ ತಾತ ಎತ್ತುಗಳ ಹೆಗಲ ಮೇಲೆ ಅಂಗೈ ಆಡಿಸುತ್ತಿದ್ದರು. ಬಿಸಿ ಹತ್ತಿದ್ದರೆ ಹರಳೆಣ್ಣೆ ಸವರಿ, ಮಾರನೆಯ ದಿನ ನೊಗದ ಆ ಜಾಗವನ್ನು ಬಾಚಿಯಿಂದ ಕೆತ್ತುತ್ತಿದ್ದರು. ಹೆಗಲು ಆರುವವರೆಗೆ ಬೇಸಾಯ ನಿಲ್ಲುತ್ತಿತ್ತು. ಎತ್ತಿನ ಹುಣ್ಣಿನ ನೋವು ಕಾಗೆಗೇನು ಗೊತ್ತು ಎಂದು ಮಾತಿನ ನಡುವೆ ಹೇಳುತ್ತಿದ್ದವರೂ ಅವರೇ. ಆದರೆ ಅದೇ ಅಂಗೈ ಮುದಿಯಾದ ಎತ್ತಿನ ಹಗ್ಗವನ್ನು ಸಂತೆಯಲ್ಲಿ ಬೇರೆಯವರ ಕೈಗೆ ಕೊಟ್ಟಿತು. ಆ ರಾತ್ರಿ ತಾತ ಊಟ ಮಾಡಲಿಲ್ಲವೆಂದು ಅಮ್ಮ ಹೇಳುತ್ತಾಳೆ. ಊಟ ಬಿಟ್ಟದ್ದರಿಂದ ಎತ್ತಿಗೇನೂ ಆಗಲಿಲ್ಲ.

ನೊಗ ಕೆತ್ತಿದ್ದರಿಂದ ನೊಗ ಹೂಡುವುದು ನ್ಯಾಯವಾಗುವುದಿಲ್ಲ. ಅಳತೆಗೆ ಸರಿಯಾದ ತಡಿ ಸವಾರಿಗೆ ಪರವಾನಗಿ ಅಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ದೊಡ್ಡ ಪ್ರಶ್ನೆ ತೀರ್ಮಾನವಾಗುವವರೆಗೂ ಬಿಜಲಿ ದಿನವೂ ಭಾರ ಹೊರುತ್ತಲೇ ಇರುತ್ತದೆ. ನಾನು ಇಳಿದರೆ ಇನ್ನೊಬ್ಬರು ಹತ್ತುತ್ತಾರೆ. ಹೊರಬೇಕೋ ಬೇಡವೋ ಎಂದು ನಾವು ಚರ್ಚಿಸುತ್ತಿರುವಾಗ ಹೊರುತ್ತಿರುವವರ ಬೆನ್ನಿನ ಮೇಲೆ ಕೈ ಇಟ್ಟು ನೋಡುವ ಕೆಲಸವನ್ನು ಮುಂದೂಡಲು ಬರುವುದಿಲ್ಲ. ಒಪ್ಪಿಗೆಯ ಬಗ್ಗೆ ನನ್ನ ಪ್ರಬಂಧದ ಮೊದಲ ಕರಡಿನಲ್ಲಿ, ಒಪ್ಪಿಗೆ ಎಂದರೆ ಒಂದು ಸಲ ಕೊಟ್ಟು ಮುಗಿಸುವ ಉತ್ತರ ಎಂಬ ಹಾಗೆ ಬರೆದಿದ್ದೆ. ಆ ಅಧ್ಯಾಯವನ್ನು ಮತ್ತೆ ಬರೆದೆ. ಮಳೆಗಾಲದ ಮೇವು ತಿಂದ ಬೆನ್ನು ಬೇಸಿಗೆಯ ಬೆನ್ನಲ್ಲ, ಕೆಲಸ ಹೆಚ್ಚಾದರೆ ಒಂದು ಆಕಾರ, ವಯಸ್ಸಾದರೆ ಇನ್ನೊಂದು. ಇವತ್ತು ಸರಿಯಾಗಿ ಕೂತ ತಡಿ ಆರು ತಿಂಗಳಲ್ಲಿ ಕೂರದೆ ಹೋಗಬಹುದು. ‘ಆಗ ಸರಿಯಿತ್ತಲ್ಲ’ ಎಂಬುದು ಉತ್ತರವಲ್ಲ.

ಕೊನೆಗೆ, ಬಗ್ಗಿಸಿದ ಹಾಗೇ ನಿಲ್ಲುವ ತಂತಿಯಿಂದ ಬಿಜಲಿಯ ಬೆನ್ನಿನ ಆಕಾರ ತೆಗೆದು ರಟ್ಟಿನ ಮೇಲೆ ಗೀಚಿಕೊಂಡೆವು. ಆ ರಟ್ಟು ಹಿಡಿದು ಹುಡುಕಿದಾಗ ಸಿಕ್ಕಿದ್ದು ಒಂದು ಹಳೆಯ ತಡಿ. ಮರದ ಕಮಾನು ಅದಕ್ಕೆ ಒಪ್ಪುವ ಅಗಲದ್ದು. ಮೆತ್ತೆ ಬಿಚ್ಚಿಸಿ ಹೊಸ ಉಣ್ಣೆ ತುಂಬಿಸಿದೆವು. ಎರಡು ತಿಂಗಳು ಬೆನ್ನಿಗೆ ರಜೆ ಕೊಟ್ಟು, ಕೈಯಲ್ಲಿ ಹಗ್ಗ ಹಿಡಿದು ನಡೆಸಿದೆವಷ್ಟೆ. ಭುಜದ ಹಿಂದಿನ ಗುಳಿಗಳು ಸ್ವಲ್ಪ ಸ್ವಲ್ಪವೇ ತುಂಬುತ್ತಿವೆ. ಬಿಳಿ ಕೂದಲು ಬಿಳಿಯಾಗಿಯೇ ಇವೆ, ಅವು ಮತ್ತೆ ಕಂದಾಗುವುದಿಲ್ಲ.

ಹೊಟ್ಟೆಪಟ್ಟಿ ಬಿಗಿಯುವಾಗ ಬಿಜಲಿ ಈಗಲೂ ಕಿವಿ ಹಿಂದಕ್ಕೆ ಮಡಿಸುತ್ತದೆ. ಹಳೆಯ ನೋವಿನ ನೆನಪೋ, ಹೊಸ ನೋವೋ, ನನಗೆ ತಿಳಿಯುವುದಿಲ್ಲ. ತಿಳಿಯದಿದ್ದಾಗ ನಾನು ಪಟ್ಟಿ ಬಿಡಿಸಿ, ತಡಿ ಇಳಿಸಿ, ಅಂಗೈ ಇಟ್ಟು ಮತ್ತೆ ಮೊದಲಿಂದ ನೋಡುತ್ತೇನೆ. ಕೆಲವು ದಿನ ಅಷ್ಟರಲ್ಲೇ ನನ್ನ ಪಾಠದ ಹೊತ್ತು ಮುಗಿದುಹೋಗುತ್ತದೆ.